ಎಸ್‌ಎಸ್‌ಡಿ ವೇಗ ಅಳೆಯುವ ಮುಂಚೆ ಡ್ರೈವನ್ನು ಹದಕ್ಕೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮಾದರಿಯ ಎಸ್‌ಎಸ್‌ಡಿಯನ್ನು (ಫ್ಲ್ಯಾಶ್ ಚಿಪ್‌ಗಳಲ್ಲಿ ದತ್ತಾಂಶ ಇಡುವ ಡ್ರೈವ್) ಇಬ್ಬರು ಅಳೆದು, ಒಬ್ಬರಿಗೆ ಸಿಕ್ಕ ವೇಗದ ಕಾಲುಭಾಗ ಮಾತ್ರ ಇನ್ನೊಬ್ಬರಿಗೆ ಸಿಕ್ಕರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ಅಳೆಯುವ ಹೊತ್ತಿಗೆ ಡ್ರೈವ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ಅಂಕಿ ನಿಂತಿರುತ್ತದೆ. ಆ ಸ್ಥಿತಿಯನ್ನು ಮೊದಲೇ ನಿರ್ಧರಿಸಿ, ಡ್ರೈವನ್ನು ಅಲ್ಲಿಗೆ ತಂದು ನಿಲ್ಲಿಸಿದ ಮೇಲೆ ಅಳತೆ ಶುರುವಾಗಬೇಕು.

ಎಚ್ಚರಿಕೆ: ಇಲ್ಲಿ ಹೇಳಿರುವ ಬಹುತೇಕ ಕೆಲಸಗಳು ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತವೆ. ಲಿನಕ್ಸ್‌ನಲ್ಲಿ ಡ್ರೈವ್‌ಗಳಿಗೆ ಸಿಗುವ ಹೆಸರು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಕಮಾಂಡ್ ಒತ್ತುವ ಮುಂಚೆ ಹೆಸರನ್ನಲ್ಲ, ಸೀರಿಯಲ್ ನಂಬರನ್ನು ನೋಡಿ ಖಚಿತಪಡಿಸಿಕೊಳ್ಳಿ.

ಹೊಸ ಡ್ರೈವನ್ನು ಡಬ್ಬಿಯಿಂದ ತೆಗೆದು ನೇರವಾಗಿ ಅಳೆದರೆ ಏನು ತಪ್ಪು?

ತಪ್ಪೇನಿಲ್ಲ, ಆದರೆ ಆ ಅಂಕಿ ಹೊಸ ಡ್ರೈವ್‌ನ ಮೊದಲ ಕೆಲವು ಗಂಟೆಗಳಿಗಷ್ಟೇ ಸತ್ಯ. ಹೊಸ ಡ್ರೈವ್‌ನ ಬ್ಲಾಕ್‌ಗಳೆಲ್ಲ ಖಾಲಿ ಇರುತ್ತವೆ. ಕಂಟ್ರೋಲರ್‌ಗೆ, ಅಂದರೆ ಡ್ರೈವನ್ನು ನಡೆಸುವ ಒಳಗಿನ ಚಿಪ್‌ಗೆ, ಏನನ್ನೂ ಅಳಿಸುವ, ಸ್ಥಳಾಂತರಿಸುವ ಗೋಜಿಲ್ಲ. ಬಂದದ್ದನ್ನು ಬಂದ ಹಾಗೆ ಬರೆದುಕೊಂಡು ಹೋಗುತ್ತದೆ. ಡ್ರೈವ್ ಒಂದು ಸಲ ಪೂರ್ತಿ ತುಂಬಿದ ಮೇಲೆ ಪರಿಸ್ಥಿತಿ ಬೇರೆ. ವರ್ಷಗಟ್ಟಲೆ ಬಳಸುವ ಸಾಮಾನನ್ನು ಅದರ ಮೊದಲ ದಿನದ ಹುರುಪಿನಿಂದ ಅಳೆಯುವುದು ಮಾರುವವರಿಗೆ ಅನುಕೂಲ, ಕೊಳ್ಳುವವರಿಗಲ್ಲ.

ಡ್ರೈವ್ ತುಂಬಿದ ಮೇಲೆ ಒಳಗೆ ಬದಲಾಗುವುದಾದರೂ ಏನು?

ನ್ಯಾಂಡ್ ಫ್ಲ್ಯಾಶ್‌ನಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ, ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ. ಒಂದು ಪೇಜ್ ಎಂದರೆ ಕೆಲವೇ ಕಿಲೋಬೈಟ್, ಈಗಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ 16 ಕೆಬಿ. ಒಂದು ಬ್ಲಾಕ್‌ನಲ್ಲಿ ಅಂಥ ನೂರಾರು, ಸಾವಿರಾರು ಪೇಜ್‌ಗಳಿರುತ್ತವೆ. ಬರೆದ ಪೇಜ್‌ನ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಹಾಗಾಗಿ ನೀವು ಒಂದು ಫೈಲ್ ತಿದ್ದಿದಾಗ ಕಂಟ್ರೋಲರ್ ಹೊಸ ಪ್ರತಿಯನ್ನು ಬೇರೆಲ್ಲೋ ಬರೆದು, ಹಳೆಯ ಪೇಜ್ ನಿರುಪಯುಕ್ತ ಎಂದು ಗುರುತು ಹಾಕಿಕೊಳ್ಳುತ್ತದೆ.

ಖಾಲಿ ಬ್ಲಾಕ್‌ಗಳು ಮುಗಿಯುತ್ತ ಬಂದಾಗ ಗಾರ್ಬೇಜ್ ಕಲೆಕ್ಷನ್ ಶುರು. 1000 ಪೇಜ್‌ಗಳ ಒಂದು ಬ್ಲಾಕ್‌ನಲ್ಲಿ 750 ಪೇಜ್ ಇನ್ನೂ ಬೇಕಾದವು, 250 ಬೇಡದವು ಎಂದಿಟ್ಟುಕೊಳ್ಳಿ. ಆ 750ನ್ನು ಬೇರೆಡೆ ನಕಲು ಮಾಡಿ, ಬ್ಲಾಕ್ ಅಳಿಸಿದರೆ ನಿವ್ವಳ ಸಿಗುವುದು 250 ಪೇಜ್ ಜಾಗ. ನೀವು 250 ಪೇಜ್ ಬರೆಯಲು ಫ್ಲ್ಯಾಶ್‌ನಲ್ಲಿ ಒಟ್ಟು 1000 ಪೇಜ್ ಬರೆದಂತಾಯಿತು. ಇದನ್ನೇ ರೈಟ್ ಆಂಪ್ಲಿಫಿಕೇಷನ್ ಎನ್ನುವುದು. ಇಲ್ಲಿ ಅದು 4. ಬರೆಯುವ ವೇಗದಲ್ಲಿ ನಿಮ್ಮ ಪಾಲಿಗೆ ಬರುವುದು ಕಾಲುಭಾಗ.

ಹೊರಗೆ ತೋರಿಸದೆ ಡ್ರೈವ್ ತನಗಾಗಿ ಇಟ್ಟುಕೊಳ್ಳುವ ಮೀಸಲು ಜಾಗ ಹೆಚ್ಚಿದ್ದಷ್ಟೂ ಈ ಕಷ್ಟ ಕಡಿಮೆ. ಫ್ಲ್ಯಾಶ್ ಚಿಪ್‌ಗಳ ಗಾತ್ರ ಎರಡರ ಘಾತದಲ್ಲಿ, ಡಬ್ಬಿಯ ಮೇಲಿನ ಜಿಬಿ ಹತ್ತರ ಘಾತದಲ್ಲಿ ಇರುವುದರಿಂದಲೇ ಸುಮಾರು 7 ಶೇಕಡಾ ಮೀಸಲು ಸಿಗುತ್ತದೆ. 512ರ ಬದಲು 480, 1024ರ ಬದಲು 960 ಎಂದು ಮಾರುವ ಡ್ರೈವ್‌ಗಳು ಅದಕ್ಕಿಂತ ಹೆಚ್ಚು ಬದಿಗಿಟ್ಟಿರುತ್ತವೆ. ಬರೆಯುತ್ತಲೇ ಹೋದಾಗ ವೇಗ ಕುಸಿದು ಒಂದು ಮಟ್ಟದಲ್ಲಿ ನಿಲ್ಲುವುದೇ ಸ್ಥಿರ ಸ್ಥಿತಿ. ಆ ಸ್ಥಿತಿಯ ರ‍್ಯಾಂಡಮ್ ರೈಟ್ (ಎಲ್ಲೆಂದರಲ್ಲಿ ಬರೆಯುವ) ಅಂಕಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಹೊಸ ಡ್ರೈವ್‌ನ ಅಂಕಿಗಳಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಅಳೆಯಬೇಕಾದದ್ದು ಯಾವ ಸ್ಥಿತಿಯಲ್ಲಿ?

ಯಾರಿಗಾಗಿ ಅಳೆಯುತ್ತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಹಗಲೂ ರಾತ್ರಿ ಬರೆಯುತ್ತಲೇ ಇರುವ ಡೇಟಾಬೇಸ್ ಸರ್ವರ್‌ಗೆ ಡ್ರೈವ್ ಬೇಕಿದ್ದರೆ ಸ್ಥಿರ ಸ್ಥಿತಿಯ ಅಂಕಿ ಬಿಟ್ಟು ಬೇರೆ ಯಾವುದೂ ಉಪಯೋಗಕ್ಕೆ ಬಾರದು. ಲ್ಯಾಪ್‌ಟಾಪ್‌ನ ಡ್ರೈವ್ ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ; ಆ ಬಿಡುವಿನಲ್ಲಿ ಕಂಟ್ರೋಲರ್ ತನ್ನ ಮನೆ ಚೊಕ್ಕಟ ಮಾಡಿಕೊಳ್ಳುತ್ತದೆ. ಅಲ್ಲಿ ಮುಕ್ಕಾಲು ಭಾಗ ತುಂಬಿದ, ಆಗಾಗ ಬಿಡುವು ಸಿಕ್ಕ ಡ್ರೈವನ್ನು ಅಳೆಯುವುದು ಹೆಚ್ಚು ಪ್ರಾಮಾಣಿಕ. ಲ್ಯಾಪ್‌ಟಾಪ್ ಡ್ರೈವ್‌ನ ಮೇಲೆ ಗಂಟೆಗಟ್ಟಲೆ ರ‍್ಯಾಂಡಮ್ ರೈಟ್ ಹೊಡೆದು "ಇದು ಕುಸಿಯಿತು" ಎಂದು ತೀರ್ಪು ಕೊಡುವುದು, ನನ್ನ ಮಟ್ಟಿಗೆ, ಹೊಸ ಡ್ರೈವನ್ನು ಅಳೆದು ಹೊಗಳುವಷ್ಟೇ ದಾರಿತಪ್ಪಿಸುವ ಕೆಲಸ.

ಎರಡು ಡ್ರೈವ್‌ಗಳನ್ನು ಹೋಲಿಸುವುದಾದರೆ ಎರಡೂ ಒಂದೇ ಸ್ಥಿತಿಯಲ್ಲಿರಬೇಕು. ಇದರಲ್ಲಿ ಮಾತ್ರ ರಾಜಿ ಇಲ್ಲ.

ಫೈಲ್‌ಗಳನ್ನು ಡಿಲೀಟ್ ಮಾಡಿ ಕ್ವಿಕ್ ಫಾರ್ಮ್ಯಾಟ್ ಕೊಟ್ಟರೆ ಡ್ರೈವ್ ಮೊದಲಿನಂತಾಗುವುದಿಲ್ಲವೇ?

ಹತ್ತಿರ ಬರಬಹುದು, ಆದರೆ ನಂಬುವಂತಿಲ್ಲ. ಆಪರೇಟಿಂಗ್ ಸಿಸ್ಟಮ್ ಫಾರ್ಮ್ಯಾಟ್ ಮಾಡುವಾಗ ಟ್ರಿಮ್ ಎಂಬ ಆಜ್ಞೆ ಕಳಿಸಿದರೆ, ಈ ಜಾಗಗಳಲ್ಲಿರುವುದು ಇನ್ನು ಬೇಡ ಎಂದು ಕಂಟ್ರೋಲರ್‌ಗೆ ತಿಳಿಯುತ್ತದೆ. ತಿಳಿದ ಕೂಡಲೇ ಅಳಿಸಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ, ಬಿಡುವಾದಾಗ ಮಾಡುತ್ತದೆ. ಲಿನಕ್ಸ್‌ನ ಬ್ಲಾಕ್‌ಡಿಸ್ಕಾರ್ಡ್ ಕಮಾಂಡ್ ಕೂಡ ಇದೇ ಬಗೆಯದು.

ಖಚಿತವಾದ ಆರಂಭ ಬೇಕಿದ್ದರೆ ಡ್ರೈವ್‌ನ ಸ್ವಂತ ಅಳಿಸುವ ಆಜ್ಞೆ ಬಳಸಿ. ಸಾಟಾ (ಹಳೆಯ ಬಗೆಯ ಕೊಂಡಿ) ಡ್ರೈವ್‌ಗಾದರೆ ಎಟಿಎ ಸೆಕ್ಯೂರ್ ಎರೇಸ್, ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಕಮಾಂಡ್ ಮೂಲಕ. ಎನ್‌ವಿಎಂಇ (ಪಿಸಿಐಇ ಕೊಂಡಿ ಬಳಸುವ ಹೊಸ ಬಗೆ) ಡ್ರೈವ್‌ಗಾದರೆ ಫಾರ್ಮ್ಯಾಟ್ ಆಜ್ಞೆಯನ್ನು ಸೆಕ್ಯೂರ್ ಎರೇಸ್ ಸೆಟ್ಟಿಂಗ್ 1ರಲ್ಲಿಟ್ಟು ಕೊಡಬಹುದು, ಇಲ್ಲವೇ ಸ್ಯಾನಿಟೈಸ್ ಆಜ್ಞೆಯ ಬ್ಲಾಕ್ ಎರೇಸ್ ಬಗೆಯನ್ನು ಆರಿಸಬಹುದು. ಸೆಟ್ಟಿಂಗ್ 2 ಎಂದರೆ ಕ್ರಿಪ್ಟೋ ಎರೇಸ್; ಗೂಢಲಿಪಿಯ ಕೀಲಿಯನ್ನು ಬದಲಿಸಿ ಕ್ಷಣದಲ್ಲಿ ಮುಗಿಯುತ್ತದೆ. ಗುಟ್ಟು ಕಾಯಲು ಅದು ಸಾಕು, ಬೆಂಚ್‌ಮಾರ್ಕ್ ತಯಾರಿಗೆ ನಾನು ಬ್ಲಾಕ್ ಎರೇಸನ್ನೇ ಆರಿಸುತ್ತೇನೆ. ತಯಾರಕರು ಕೊಡುವ ಟೂಲ್‌ಗಳಲ್ಲೂ ಸೆಕ್ಯೂರ್ ಎರೇಸ್ ಇರುತ್ತದೆ. ಕಮಾಂಡ್ ಲೈನ್ ಬೇಡದವರಿಗೆ ಅದೇ ಸಲೀಸು.

ಸೆಕ್ಯೂರ್ ಎರೇಸ್ ಕೊಟ್ಟರೆ ಡ್ರೈವ್ "ಫ್ರೋಜನ್" ಎಂದು ತೋರಿಸುತ್ತದೆ. ಏನು ಮಾಡಲಿ?

ಬೂಟ್ ಆಗುವಾಗ ಮದರ್‌ಬೋರ್ಡ್‌ನ ಬಯೋಸ್ ಸಾಟಾ ಡ್ರೈವ್‌ಗೆ ಫ್ರೀಜ್ ಲಾಕ್ ಹಾಕಿರುತ್ತದೆ, ಯಾವುದಾದರೂ ದುಷ್ಟ ಪ್ರೋಗ್ರಾಂ ಡ್ರೈವ್‌ಗೆ ಪಾಸ್‌ವರ್ಡ್ ಹಾಕಿಬಿಡಬಾರದೆಂದು. ಕಂಪ್ಯೂಟರನ್ನು ಸಸ್ಪೆಂಡ್ ಮಾಡಿ ಎಬ್ಬಿಸಿದರೆ ಬಹುಮಟ್ಟಿಗೆ ಲಾಕ್ ಬಿಡುತ್ತದೆ. ಎಚ್‌ಡಿಪಾರ್ಮ್‌ನಲ್ಲಿ ಅಳಿಸುವ ಮುಂಚೆ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ಹಾಕಲೇಬೇಕಾಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಡ್ರೈವ್ ಆ ಪಾಸ್‌ವರ್ಡ್‌ನೊಂದಿಗೆ ಬೀಗ ಹಾಕಿಕೊಂಡೇ ಉಳಿದೀತು.

ಅಳಿಸಿದ ಡ್ರೈವ್‌ನ ಓದುವ ವೇಗ ಅಳೆದೆ, ನಂಬಲಾಗದಷ್ಟು ಬಂತು. ನಂಬಬಹುದೇ?

ಬೇಡ. ಅಳಿಸಿದ ಅಥವಾ ಟ್ರಿಮ್ ಆದ ಜಾಗವನ್ನು ಓದಲು ಹೇಳಿದರೆ ಅಲ್ಲಿ ಏನೂ ಇಲ್ಲವೆಂದು ಕಂಟ್ರೋಲರ್‌ಗೆ ತನ್ನ ಮ್ಯಾಪಿಂಗ್ ಟೇಬಲ್ (ಯಾವುದು ಎಲ್ಲಿದೆ ಎಂಬ ಪಟ್ಟಿ) ನೋಡಿದಾಗಲೇ ಗೊತ್ತಾಗುತ್ತದೆ. ಫ್ಲ್ಯಾಶ್ ಮುಟ್ಟದೆ ಸೊನ್ನೆಗಳನ್ನು ಹಿಂದಿರುಗಿಸಿಬಿಡುತ್ತದೆ. ನೀವು ಅಳೆದದ್ದು ಕಂಟ್ರೋಲರ್ ಮತ್ತು ಕೇಬಲ್‌ನ ವೇಗವನ್ನು, ಫ್ಲ್ಯಾಶ್‌ನದ್ದನ್ನಲ್ಲ. ಫೈಲ್ ಸಿಸ್ಟಮ್ ಇಲ್ಲದೆ ನೇರ ಡ್ರೈವ್ ಮೇಲೆ ಅಳೆಯುವವರು ಅತಿ ಹೆಚ್ಚು ಬೀಳುವ ಗುಂಡಿ ಇದು, ಅದೂ ಖುಷಿಯಾಗುವ ಅಂಕಿ ಬರುವುದರಿಂದ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಓದುವ ಪರೀಕ್ಷೆಗೂ ಮುಂಚೆ ಆ ಪೂರ್ತಿ ವ್ಯಾಪ್ತಿಯಲ್ಲಿ ನಿಜವಾದ ದತ್ತಾಂಶ ಬರೆದಿರಬೇಕು.

ಹದಕ್ಕೆ ತರಲು ಎಷ್ಟು ಬರೆಯಬೇಕು?

ಶೇಖರಣಾ ಉದ್ಯಮದ ಸಂಘಟನೆಯಾದ ಸ್ನಿಯಾ ಇದಕ್ಕೊಂದು ಪರೀಕ್ಷಾ ಪದ್ಧತಿ ರೂಪಿಸಿದೆ. ಅದರ ಪ್ರಕಾರ ಮೊದಲು ಡ್ರೈವನ್ನು ಪೂರ್ತಿ ಅಳಿಸಬೇಕು. ಆಮೇಲೆ ಡ್ರೈವ್‌ನ ಬಳಕೆಯ ಸಾಮರ್ಥ್ಯದ ಎರಡು ಪಟ್ಟಿನಷ್ಟನ್ನು 128 ಕೆಬಿ ತುಂಡುಗಳಲ್ಲಿ ಸಾಲಾಗಿ ಬರೆಯಬೇಕು. ಇದು ಯಾವ ಪರೀಕ್ಷೆಗಾದರೂ ಸಾಮಾನ್ಯವಾದ ತಯಾರಿ. ಅದಾದ ಮೇಲೆ ನೀವು ಅಳೆಯಬೇಕೆಂದಿರುವ ಕೆಲಸವನ್ನೇ, ಉದಾಹರಣೆಗೆ 4 ಕೆಬಿ ರ‍್ಯಾಂಡಮ್ ರೈಟನ್ನು, ವೇಗ ಸ್ಥಿರವಾಗುವ ತನಕ ಓಡಿಸುತ್ತಿರಬೇಕು.

ಎರಡು ಪಟ್ಟು ಏಕೆ? ಒಂದೇ ಸಲ ತುಂಬಿದರೆ ಹೊರಗೆ ಕಾಣುವ ಜಾಗ ತುಂಬುತ್ತದೆ, ಒಳಗಿನ ಮೀಸಲು ಬ್ಲಾಕ್‌ಗಳು ಖಾಲಿಯೇ ಉಳಿಯುತ್ತವೆ. ಎರಡನೆಯ ಸುತ್ತಿನಲ್ಲಿ ಆ ಮೀಸಲೂ ಬಳಕೆಯ ಚಕ್ರಕ್ಕೆ ಬೀಳುತ್ತದೆ.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. 1 ಟಿಬಿ ಡ್ರೈವ್ ಸತತವಾಗಿ ಸೆಕೆಂಡಿಗೆ 1 ಜಿಬಿ ಬರೆದರೆ ಎರಡು ಸುತ್ತಿಗೆ ಅರ್ಧ ಗಂಟೆ ಮೇಲೆ ಮೂರು ನಿಮಿಷ. ಕ್ಯಾಶ್ (ಬೇಗ ಬರೆಯಲು ಬಳಸುವ ತಾತ್ಕಾಲಿಕ ಜಾಗ) ಮುಗಿದ ಮೇಲೆ ಸೆಕೆಂಡಿಗೆ 100 ಎಂಬಿಗೆ ಇಳಿಯುವ ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ಇಡುವ) ಡ್ರೈವ್ ಆದರೆ ಐದೂವರೆ ಗಂಟೆ. ರ‍್ಯಾಂಡಮ್ ರೈಟ್‌ಗೆ ಇನ್ನೂ ಹೆಚ್ಚು. ರಾತ್ರಿ ಹಚ್ಚಿಟ್ಟು ಮಲಗುವುದೇ ಲೇಸು.

ಸೊನ್ನೆಗಳನ್ನು ತುಂಬಿಸಿದರೆ ಸಾಲದೇ? ಡಿಡಿ ಕಮಾಂಡ್‌ನಲ್ಲಿ ಅದು ಸುಲಭ.

ಸುಲಭ, ಆದರೆ ಕೆಲವು ಕಂಟ್ರೋಲರ್‌ಗಳು ಬಂದದ್ದನ್ನು ಕುಗ್ಗಿಸಿ ಬರೆಯುತ್ತವೆ. ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಸ್ಯಾಂಡ್‌ಫೋರ್ಸ್ ಕಂಟ್ರೋಲರ್‌ಗಳ ಹೆಗ್ಗಳಿಕೆಯೇ ಅದಾಗಿತ್ತು: ಸೊನ್ನೆಗಳ ಸಾಲನ್ನು ಕೊಟ್ಟರೆ ಫ್ಲ್ಯಾಶ್‌ಗೆ ಇಳಿಯುವುದು ಅತ್ಯಲ್ಪ, ಅಂಕಿ ಮಾತ್ರ ಆಕಾಶಕ್ಕೆ. ಕುಗ್ಗದ ದತ್ತಾಂಶ ಕೊಟ್ಟಾಗ ಅದೇ ಡ್ರೈವ್‌ನ ಬರೆಯುವ ವೇಗ ಗಣನೀಯವಾಗಿ ಇಳಿಯುತ್ತಿತ್ತು. ಇಂದಿನ ಡ್ರೈವ್‌ಗಳಲ್ಲಿ ಕುಗ್ಗಿಸುವವು ಕಡಿಮೆಯಾದರೂ, ನಿಮ್ಮ ಕೈಯಲ್ಲಿರುವುದು ಯಾವ ಜಾತಿಯದು ಎಂದು ಊಹಿಸುವ ಬದಲು ರ‍್ಯಾಂಡಮ್ ದತ್ತಾಂಶವನ್ನೇ ಬರೆಯಿರಿ. ಫಿಯೋ ಎಂಬ ವೇಗ ಅಳೆಯುವ ಟೂಲ್‌ನಲ್ಲಿ ಪ್ರತಿ ರೈಟ್‌ಗೂ ಬಫರನ್ನು ಹೊಸದಾಗಿ ತುಂಬುವ ಆಯ್ಕೆ ಇದೆ. ಸಿಪಿಯು ಸ್ವಲ್ಪ ಹೆಚ್ಚು ದುಡಿಯುತ್ತದೆ ಅಷ್ಟೆ.

ಸ್ಥಿರ ಸ್ಥಿತಿ ಬಂತೆಂದು ತಿಳಿಯುವುದು ಹೇಗೆ?

ಕಣ್ಣಳತೆಯಲ್ಲಿ ಹೇಳಬೇಡಿ. ವೇಗ ಕುಸಿದು, ಸ್ವಲ್ಪ ಹೊತ್ತು ಸಮವಾಗಿ ಸಾಗಿ, ಮತ್ತೆ ಕುಸಿಯುವುದು ಸಾಮಾನ್ಯ. ನಡುವಿನ ಆ ಸಮತಟ್ಟನ್ನು ನೋಡಿ ನಿಲ್ಲಿಸಿದವರು ಬಹಳ. ಸ್ನಿಯಾದ ಮಾನದಂಡ ಹೀಗಿದೆ: ಸತತ ಐದು ಸುತ್ತುಗಳ ಫಲಿತಾಂಶ ತೆಗೆದುಕೊಳ್ಳಿ. ಅವುಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ ಸರಾಸರಿಯ 20 ಶೇಕಡಾ ಮೀರಬಾರದು. ಜೊತೆಗೆ ಆ ಐದು ಬಿಂದುಗಳ ಮೂಲಕ ಎಳೆದ ನೇರ ಗೆರೆಯ ಏರಿಳಿತ ಸರಾಸರಿಯ 10 ಶೇಕಡಾ ಒಳಗಿರಬೇಕು.

ಎರಡನೆಯ ಷರತ್ತು ಮುಖ್ಯ. ಪ್ರತಿ ಸುತ್ತಿಗೂ ಅಂಕಿ ಚೂರುಚೂರೇ ಇಳಿಯುತ್ತಿದ್ದರೆ ಮೊದಲ ಷರತ್ತು ಹಾಯ್ದುಹೋಗಬಹುದು, ಆದರೆ ಡ್ರೈವ್ ಇನ್ನೂ ತಳ ಮುಟ್ಟಿಲ್ಲ ಎಂಬುದನ್ನು ಗೆರೆಯ ಇಳಿಜಾರು ತೋರಿಸಿಕೊಡುತ್ತದೆ. ಒಂದು ಲೆಕ್ಕ ನೋಡಿ: ಐದು ಸುತ್ತುಗಳಲ್ಲಿ 54, 52, 50, 48, 46 ಸಾವಿರ ಐಒಪಿಎಸ್ (ಸೆಕೆಂಡಿಗೆ ಮುಗಿಯುವ ಓದು-ಬರಹಗಳ ಸಂಖ್ಯೆ) ಬಂತು ಎನ್ನೋಣ. ಸರಾಸರಿ 50 ಸಾವಿರ. ಅಂತರ 8 ಸಾವಿರ, ಅಂದರೆ 16 ಶೇಕಡಾ. ಮೊದಲ ಷರತ್ತಿನಲ್ಲಿ ಪಾಸು. ಇಳಿಜಾರೂ 16 ಶೇಕಡಾ, ಎರಡನೆಯದರಲ್ಲಿ ಫೇಲು. ಇನ್ನೂ ಓಡಿಸಬೇಕು. ಫಿಯೋದಲ್ಲಿ ಸ್ಥಿರ ಸ್ಥಿತಿಯನ್ನು ತಾನೇ ಪತ್ತೆಹಚ್ಚಿ ನಿಲ್ಲುವ ಸೌಲಭ್ಯವೂ ಇದೆ, ಆದರೆ ಗ್ರಾಫ್ ಹಾಕಿ ಒಮ್ಮೆ ನೀವೇ ನೋಡಿ.

ಸೀಕ್ವೆನ್ಷಿಯಲ್, ರ‍್ಯಾಂಡಮ್ ಎರಡನ್ನೂ ಒಂದರ ಹಿಂದೆ ಒಂದು ಓಡಿಸಬಹುದೇ?

ಒಂದು ಪರೀಕ್ಷೆ ಬಿಟ್ಟುಹೋದ ಗಲೀಜನ್ನು ಮುಂದಿನದು ಹೊರಬೇಕಾಗುತ್ತದೆ. ಗಂಟೆಗಟ್ಟಲೆ 4 ಕೆಬಿ ರ‍್ಯಾಂಡಮ್ ರೈಟ್ ನಡೆದ ಮೇಲೆ ಬ್ಲಾಕ್‌ಗಳಲ್ಲೆಲ್ಲ ಬೇಕಾದ್ದೂ ಬೇಡದ್ದೂ ಬೆರೆತು ಹೋಗಿರುತ್ತದೆ. ಆಗ ಸಾಲಾಗಿ ಬರೆಯಲು ಹೊರಟರೆ ಹಳೆಯದನ್ನು ತೆರವು ಮಾಡುವ ಖರ್ಚು ಸೇರಿ ಸೀಕ್ವೆನ್ಷಿಯಲ್ ವೇಗ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಕ್ರಮ ತಿರುಗಿಸಿದರೆ ರ‍್ಯಾಂಡಮ್ ರೈಟ್‌ಗೆ ಕೆಲ ಹೊತ್ತು ಅನರ್ಹ ಲಾಭ.

ಸರಿಯಾದ ದಾರಿ: ಅಳಿಸು, ಸಾಲಾಗಿ ತುಂಬು, ಸೀಕ್ವೆನ್ಷಿಯಲ್ ಅಳೆ, ಮತ್ತೆ ಅಳಿಸು, ತುಂಬು, ರ‍್ಯಾಂಡಮ್‌ನಲ್ಲಿ ಸ್ಥಿರ ಸ್ಥಿತಿಗೆ ತಾ, ರ‍್ಯಾಂಡಮ್ ಅಳೆ. ಅಷ್ಟು ಸಮಯವಿಲ್ಲದಿದ್ದರೆ ಸೀಕ್ವೆನ್ಷಿಯಲ್ ಮೊದಲು, ರ‍್ಯಾಂಡಮ್ ಕೊನೆಗೆ ಇಟ್ಟುಕೊಳ್ಳಿ. ಎಲ್ಲ ಡ್ರೈವ್‌ಗಳಿಗೂ ಅದೇ ಕ್ರಮ ಇರಲಿ.

ಎಸ್‌ಎಲ್‌ಸಿ ಕ್ಯಾಶ್ ಬಗ್ಗೆ ಇಷ್ಟೊಂದು ಮಾತೇಕೆ?

ಗ್ರಾಹಕ ಡ್ರೈವ್‌ಗಳ ಬರೆಯುವ ಅಂಕಿಗಳಲ್ಲಿ ಅತಿ ದೊಡ್ಡ ಮಾಯೆ ಅದೇ. ಟಿಎಲ್‌ಸಿ ಫ್ಲ್ಯಾಶ್‌ನ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿಯಲ್ಲಿ 4. ಆದರೆ ಖಾಲಿ ಕೋಶದಲ್ಲಿ ಒಂದೇ ಬಿಟ್ ಇಟ್ಟರೆ (ಅದೇ ಎಸ್‌ಎಲ್‌ಸಿ) ಬಹಳ ಬೇಗ ಬರೆಯಬಹುದು. ಡ್ರೈವ್‌ಗಳು ಮಾಡುವುದು ಹಾಗೆಯೇ: ಬಂದದ್ದನ್ನು ಮೊದಲು ಒಂದು ಬಿಟ್‌ನ ಲೆಕ್ಕದಲ್ಲಿ ಬರೆದು, ಬಿಡುವಾದಾಗ ಮೂರೋ ನಾಲ್ಕೋ ಬಿಟ್‌ಗಳಾಗಿ ಮಡಚಿಡುತ್ತವೆ. ಖಾಲಿ ಜಾಗವನ್ನೆಲ್ಲ ಹೀಗೆ ಬಳಸುವ ಕ್ಯೂಎಲ್‌ಸಿ ಡ್ರೈವ್‌ನಲ್ಲಿ ಗರಿಷ್ಠವೆಂದರೆ ಖಾಲಿ ಜಾಗದ ಕಾಲುಭಾಗದಷ್ಟು ಕ್ಯಾಶ್, ಟಿಎಲ್‌ಸಿಯಲ್ಲಿ ಮೂರನೆಯ ಒಂದು ಭಾಗ. ಡ್ರೈವ್ ತುಂಬಿದಂತೆ ಕ್ಯಾಶ್ ಕುಗ್ಗುತ್ತದೆ.

ಇದರಿಂದ ಹೊರಡುವ ಪಾಠ: 1 ಜಿಬಿ ಟೆಸ್ಟ್ ಫೈಲ್ ಇಟ್ಟುಕೊಂಡು ಅಳೆದರೆ ಯಾವ ಡ್ರೈವ್ ಆದರೂ ಕ್ಯಾಶ್ ವೇಗವನ್ನೇ ತೋರಿಸುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಟೂಲ್‌ನ ರೂಢಿಯ ಗಾತ್ರ ಅಷ್ಟೇ. ಅದು ಉಪಯೋಗಕ್ಕೆ ಬಾರದ ಅಂಕಿಯಲ್ಲ, ಸಣ್ಣಪುಟ್ಟ ಕೆಲಸಗಳಲ್ಲಿ ನೀವು ಅನುಭವಿಸುವುದು ಅದನ್ನೇ. ಆದರೆ 300 ಜಿಬಿ ವಿಡಿಯೋ ನಕಲು ಮಾಡುವವರಿಗೆ ಅದು ಏನನ್ನೂ ಹೇಳುವುದಿಲ್ಲ. ನನ್ನ ಸಲಹೆ, ಡ್ರೈವ್‌ನ ಪೂರ್ತಿ ಉದ್ದಕ್ಕೂ ಸಾಲಾಗಿ ಬರೆಯುತ್ತ ಸೆಕೆಂಡು ಸೆಕೆಂಡಿನ ವೇಗ ದಾಖಲಿಸಿ ಗ್ರಾಫ್ ಹಾಕಿ. ಕ್ಯಾಶ್ ಎಲ್ಲಿ ಮುಗಿಯಿತು, ಆಮೇಲೆ ನೇರ ಬರಹದ ವೇಗವೆಷ್ಟು, ಮಡಚುವ ಕೆಲಸವೂ ಜೊತೆಗೆ ಬಿದ್ದಾಗ ಎಷ್ಟಕ್ಕೆ ಇಳಿಯಿತು, ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೇ ಒಂದು ಪರೀಕ್ಷೆ ಮಾಡಲು ಬಿಟ್ಟರೆ ನಾನು ಆರಿಸುವುದು ಇದನ್ನು.

ಎರಡು ಪರೀಕ್ಷೆಗಳ ನಡುವೆ ಎಷ್ಟು ಬಿಡುವು ಕೊಟ್ಟಿರಿ ಎಂಬುದೂ ಇಲ್ಲಿ ಫಲಿತಾಂಶ ಬದಲಿಸುತ್ತದೆ. ಬಿಡುವಿನಲ್ಲಿ ಕ್ಯಾಶ್ ಖಾಲಿಯಾಗಿ ಮತ್ತೆ ತಯಾರಾಗಿರುತ್ತದೆ. ಒಂದು ಡ್ರೈವ್‌ಗೆ ಚಹಾ ಕುಡಿದು ಬರುವಷ್ಟು ಬಿಡುವು, ಇನ್ನೊಂದಕ್ಕೆ ಬಿಡುವೇ ಇಲ್ಲ ಎಂದಾದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ಗಡಿಯಾರ ನೋಡಿ ಒಂದೇ ಅವಧಿ ಇಟ್ಟುಕೊಳ್ಳಿ.

ರ‍್ಯಾಂಡಮ್ ರೀಡ್‌ಗೂ ಪೂರ್ತಿ ಡ್ರೈವ್ ಬಳಸಬೇಕೇ? ಸಣ್ಣ ಫೈಲ್ ಸಾಲದೇ?

ಯಾವ ದತ್ತಾಂಶ ಎಲ್ಲಿದೆ ಎಂಬ ಮ್ಯಾಪಿಂಗ್ ಟೇಬಲ್, ಪ್ರತಿ 4 ಕೆಬಿಗೆ 4 ಬೈಟ್‌ನ ಲೆಕ್ಕದಲ್ಲಿ, 1 ಟಿಬಿ ಡ್ರೈವ್‌ಗೆ ಸುಮಾರು 1 ಜಿಬಿ ಆಗುತ್ತದೆ. ಸ್ವಂತ ಡಿರ‍್ಯಾಮ್ (ವೇಗದ ಮೆಮೊರಿ ಚಿಪ್) ಇರುವ ಡ್ರೈವ್ ಅದನ್ನೆಲ್ಲ ಅಲ್ಲೇ ಇಟ್ಟುಕೊಳ್ಳುತ್ತದೆ. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಡ್ರೈವ್ ಕಂಪ್ಯೂಟರಿನ ಮೆಮೊರಿಯಿಂದ ಕೆಲವು ಹತ್ತು ಎಂಬಿ ಎರವಲು ಪಡೆಯುತ್ತದೆ. 64 ಎಂಬಿ ಸಿಕ್ಕಿತೆಂದರೆ ಅದರಲ್ಲಿ ಹಿಡಿಯುವುದು 64 ಜಿಬಿ ವ್ಯಾಪ್ತಿಯ ನಕ್ಷೆ. ನಿಮ್ಮ ಟೆಸ್ಟ್ ಫೈಲ್ 1 ಜಿಬಿ ಇದ್ದರೆ ಎರಡೂ ಬಗೆಯ ಡ್ರೈವ್‌ಗಳು ಸಮಸಮ. ಪೂರ್ತಿ 1 ಟಿಬಿಯಲ್ಲಿ ಎಲ್ಲೆಂದರಲ್ಲಿ ಓದಿದಾಗ ಡಿರ‍್ಯಾಮ್ ಇಲ್ಲದ್ದು ನಕ್ಷೆಗಾಗಿಯೂ ಫ್ಲ್ಯಾಶ್‌ಗೆ ಹೋಗಿಬರಬೇಕು. ವ್ಯತ್ಯಾಸ ಅಲ್ಲಿ ಹೊರಬೀಳುತ್ತದೆ.

ಕಂಪ್ಯೂಟರಿನ ಮೆಮೊರಿಯೇ ಫಲಿತಾಂಶ ಕೆಡಿಸುವುದಿಲ್ಲವೇ?

ಕೆಡಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಓದಿದ್ದನ್ನು ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಕೊಡುತ್ತದೆ. ಅದನ್ನು ತಪ್ಪಿಸಲು ಫಿಯೋದಲ್ಲಿ ಡೈರೆಕ್ಟ್ ಆಯ್ಕೆಯನ್ನು 1 ಮಾಡಿ. ಲಿನಕ್ಸ್‌ನಲ್ಲಿ ಫಿಯೋದ ಲಿಬ್‌ಎಐಒ ಎಂಜಿನ್ ಬಳಸುವವರಿಗೆ ಇದು ಇನ್ನೂ ಅಗತ್ಯ: ಡೈರೆಕ್ಟ್ ಇಲ್ಲದಿದ್ದರೆ ಅದು ಒಂದಾದ ಮೇಲೊಂದರಂತೆ ಕೆಲಸ ಮಾಡುತ್ತದೆ, ನೀವು ಕ್ಯೂ ಡೆಪ್ತ್ (ಒಟ್ಟಿಗೆ ಕಳಿಸಿಡುವ ಬೇಡಿಕೆಗಳ ಸಂಖ್ಯೆ) 32 ಎಂದು ಬರೆದದ್ದು ಕಾಗದದ ಮೇಲಷ್ಟೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನದೇ ಡಿಸ್ಕ್‌ಸ್ಪೀಡ್ ಟೂಲ್‌ನಲ್ಲೂ ಕ್ಯಾಶ್ ಬದಿಗೊತ್ತುವ ಆಯ್ಕೆ ಇದೆ.

ಬಿಸಿಯ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಎಂ.2 (ಮದರ್‌ಬೋರ್ಡ್‌ಗೆ ಸಿಕ್ಕಿಸುವ ಸಣ್ಣ ಪಟ್ಟಿಯಂಥ) ಎನ್‌ವಿಎಂಇ ಡ್ರೈವ್ ಆದರೆ ಸಾಕಷ್ಟು. ಕಂಟ್ರೋಲರ್ ತನ್ನ ಮಿತಿ ತಲುಪಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕ್ಯಾಶ್ ಮುಗಿದು ಇಳಿದ ವೇಗವೂ ಬಿಸಿಯೇರಿ ಇಳಿದ ವೇಗವೂ ಗ್ರಾಫ್‌ನಲ್ಲಿ ಒಂದೇ ತರಹ ಕಾಣಬಹುದು. ಅದಕ್ಕೇ ವೇಗದ ಜೊತೆಗೆ ತಾಪಮಾನವನ್ನೂ ದಾಖಲಿಸಬೇಕು. ಡ್ರೈವ್ ತನ್ನ ಬಗ್ಗೆ ತಾನೇ ಇಡುವ ದಾಖಲೆಯಾದ ಎನ್‌ವಿಎಂಇ ಸ್ಮಾರ್ಟ್ ಲಾಗ್‌ನಲ್ಲಿ ಈಗಿನ ತಾಪಮಾನ ಸಿಗುತ್ತದೆ. ಎಚ್ಚರಿಕೆಯ ಮಟ್ಟದ ಮೇಲೆ ಎಷ್ಟು ನಿಮಿಷ ಕಳೆಯಿತು ಎಂಬ ಲೆಕ್ಕವೂ ಇರುತ್ತದೆ. ಪರೀಕ್ಷೆಗೆ ಮುಂಚೆ, ನಂತರ ಅದನ್ನು ಓದಿಕೊಳ್ಳಿ.

ಹೀಟ್‌ಸಿಂಕ್ ಹಾಕಬೇಕೇ ಬೇಡವೇ ಎಂಬುದು ನಿಮ್ಮ ಇಷ್ಟ. ಹಾಕಿದರೆ ಎಲ್ಲಕ್ಕೂ ಹಾಕಿ, ಫ್ಯಾನ್ ಗಾಳಿ ಬೀಳುವ ಜಾಗವೂ ಒಂದೇ ಇರಲಿ. ಗಂಟೆಗಟ್ಟಲೆ ಬರೆದು ಕಾದಿರುವ ಡ್ರೈವನ್ನು ಹಾಗೇ ಅಳೆಯಲು ಕೂರುವ ಮುಂಚೆ, ಅದೇ ನಿಮಗೆ ಬೇಕಾದ ಸ್ಥಿತಿಯೇ ಎಂದು ಕೇಳಿಕೊಳ್ಳಿ. ಸ್ಥಿರ ಸ್ಥಿತಿಯ ಪರೀಕ್ಷೆಗೆ ತಣ್ಣಗಾಗಲೆಂದು ಬಿಟ್ಟರೆ ಆ ಬಿಡುವಿನಲ್ಲಿ ಗಾರ್ಬೇಜ್ ಕಲೆಕ್ಷನ್ ನಡೆದು ಸ್ಥಿತಿಯೇ ಬದಲಾಗುತ್ತದೆ. ಹಾಗಾಗಿ ತಂಪು ಮಾಡುವ ಏರ್ಪಾಡು ಮೊದಲಿನಿಂದಲೇ ಇರಬೇಕು.

ಕಂಪ್ಯೂಟರ್ ಕಡೆಯಿಂದ ಏನೇನು ಸರಿಮಾಡಿಕೊಳ್ಳಬೇಕು?

ಮೊದಲು ಕೊಂಡಿ. ಪಿಸಿಐಇ 3.0ದ ನಾಲ್ಕು ಲೇನ್‌ಗಳ (ದತ್ತಾಂಶ ಹರಿಯುವ ದಾರಿಗಳ) ಗರಿಷ್ಠ ಸೆಕೆಂಡಿಗೆ ಸುಮಾರು 3.9 ಜಿಬಿ, 4.0ದಲ್ಲಿ ಅದರ ಎರಡರಷ್ಟು. ಕೆಲವು ಮದರ್‌ಬೋರ್ಡ್‌ಗಳ ಎರಡನೆಯ ಎಂ.2 ಸ್ಲಾಟ್‌ನಲ್ಲಿ ಎರಡೇ ಲೇನ್ ಇರುತ್ತವೆ, ಇಲ್ಲವೇ ಚಿಪ್‌ಸೆಟ್ ಮೂಲಕ ಹಾದು ಇತರ ಸಾಧನಗಳೊಂದಿಗೆ ಹಂಚಿಕೊಳ್ಳುತ್ತವೆ. ಕೊಂಡಿ ನಿಜಕ್ಕೂ ಎಷ್ಟರಲ್ಲಿ ಕೂಡಿದೆ ಎಂದು ಲಿನಕ್ಸ್‌ನ ಎಲ್‌ಎಸ್‌ಪಿಸಿಐ ತೋರಿಸುತ್ತದೆ. ಸಾಟಾ ಆದರೆ 6 ಗಿಗಾಬಿಟ್ ಕೊಂಡಿಯಲ್ಲಿ 550 ಎಂಬಿ ಆಸುಪಾಸಿಗಿಂತ ಮೇಲೆ ಯಾವ ಡ್ರೈವೂ ಹೋಗದು. ಹೋಯಿತೆಂದರೆ ನೀವು ಮೆಮೊರಿಯನ್ನು ಅಳೆಯುತ್ತಿದ್ದೀರಿ.

ಆಮೇಲೆ ವಿದ್ಯುತ್ ಉಳಿತಾಯ. ಡ್ರೈವ್, ಪಿಸಿಐಇ ಕೊಂಡಿ, ಸಿಪಿಯು ಮೂರೂ ಬಿಡುವು ಸಿಕ್ಕರೆ ನಿದ್ದೆಗೆ ಜಾರುತ್ತವೆ; ಎಚ್ಚರವಾಗುವ ಸಮಯ ನಿಮ್ಮ ಲೇಟೆನ್ಸಿಗೆ (ಒಂದು ಬೇಡಿಕೆ ಮುಗಿಯಲು ಹಿಡಿಯುವ ಸಮಯಕ್ಕೆ) ಸೇರುತ್ತದೆ. ಕ್ಯೂ ಡೆಪ್ತ್ 1ರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಡ್ರೈವ್‌ನ ಮಿತಿ ತಿಳಿಯಬೇಕಿದ್ದರೆ ಉಳಿತಾಯ ಆಫ್ ಮಾಡಿ. ಬಳಕೆಯ ಅನುಭವ ತಿಳಿಯಬೇಕಿದ್ದರೆ ಹಾಗೇ ಬಿಡಿ.

ಹಿನ್ನೆಲೆಯ ಕೆಲಸಗಳಲ್ಲಿ ಆಂಟಿವೈರಸ್ ಎಲ್ಲರಿಗೂ ನೆನಪಾಗುತ್ತದೆ. ನೆನಪಾಗದ್ದು ಎರಡು. ಒಂದು, ಲಿನಕ್ಸ್ ಮತ್ತು ವಿಂಡೋಸ್ ಎರಡೂ ವಾರಕ್ಕೊಮ್ಮೆ ತಾವಾಗಿಯೇ ಟ್ರಿಮ್ ಓಡಿಸುತ್ತವೆ. ಪರೀಕ್ಷೆಯ ನಡುವೆ ಅದು ಬಂದರೆ ನೀವು ಕಷ್ಟಪಟ್ಟು ತಂದ ಸ್ಥಿತಿ ಕದಡುತ್ತದೆ. ಇನ್ನೊಂದು, ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಡಿದ ಮೇಲೆ ಅದರ ಐನೋಡ್ ಟೇಬಲ್ (ಫೈಲ್‌ಗಳ ವಿವರ ಇಡುವ ಪಟ್ಟಿ) ತಯಾರಿ ಮೌಂಟ್ ಆದ ನಂತರ ಹಿಂದಿನಿಂದ ನಡೆಯುತ್ತಿರುತ್ತದೆ. ಮಾಡುವಾಗಲೇ ಆ ಸೋಮಾರಿತನವನ್ನು ಆಫ್ ಮಾಡುವ ಆಯ್ಕೆ ಇದೆ.

ಯುಎಸ್‌ಬಿ ಎನ್‌ಕ್ಲೋಜರ್‌ನಲ್ಲಿಟ್ಟು ಅಳೆಯಬಹುದೇ?

ಎನ್‌ಕ್ಲೋಜರನ್ನೇ ಅಳೆಯಬೇಕಿದ್ದರೆ ಸರಿ. ನಡುವಿನ ಬ್ರಿಡ್ಜ್ ಚಿಪ್ ಟ್ರಿಮ್ ದಾಟಿಸದೇ ಇರಬಹುದು. ಸೆಕ್ಯೂರ್ ಎರೇಸನ್ನಂತೂ ಯುಎಸ್‌ಬಿ ಮೂಲಕ ಪ್ರಯತ್ನಿಸಲೇಬೇಡಿ.

ಆಪರೇಟಿಂಗ್ ಸಿಸ್ಟಮ್ ಇರುವ ಡ್ರೈವನ್ನೇ ಅಳೆಯಬೇಕಾಗಿದೆ, ಅಳಿಸಲು ಆಗದು.

ಆಗ ಸ್ಥಿತಿಯನ್ನು ನೀವು ನಿರ್ಧರಿಸುವಂತಿಲ್ಲ, ವರ್ಣಿಸಬಹುದು ಅಷ್ಟೆ. ಟ್ರಿಮ್ ಓಡಿಸಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಡ್ರೈವ್ ಎಷ್ಟು ಭಾಗ ತುಂಬಿದೆ ಎಂದು ಬರೆದಿಟ್ಟು ಅಳೆಯಿರಿ. ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್ ಇದ್ದರೆ ಅದನ್ನೂ ನಮೂದಿಸಿ. ಇಂದಿನ ಅಂಕಿಯನ್ನು ಇದೇ ಡ್ರೈವ್‌ನ ಮುಂದಿನ ಅಂಕಿಗೆ ಹೋಲಿಸಲು ಇದು ಸಾಕು, ಇನ್ನೊಬ್ಬರ ಡ್ರೈವ್‌ಗೆ ಹೋಲಿಸಲು ಸಾಲದು.

ಇಂಥ ಬಳಸಿದ ಡ್ರೈವ್‌ನಲ್ಲಿ ಮಾತ್ರ ಸಿಗುವ ಒಂದು ಅಂಶವೂ ಇದೆ: ತಿಂಗಳುಗಟ್ಟಲೆ ಮುಟ್ಟದ ಹಳೆಯ ಫೈಲ್‌ಗಳ ಓದುವ ವೇಗ. 2014ರಲ್ಲಿ ಸ್ಯಾಮ್‌ಸಂಗ್ 840 ಇವೋ ಡ್ರೈವ್‌ಗಳಲ್ಲಿ ಹಳೆಯ ದತ್ತಾಂಶ ಓದುವುದು ತೀರ ನಿಧಾನವಾಗಿ, ಕಂಪನಿ ಫರ್ಮ್‌ವೇರ್ ತಿದ್ದುಪಡಿ ಕೊಡಬೇಕಾಯಿತು. ಬೆಂಚ್‌ಮಾರ್ಕ್ ಟೂಲ್‌ಗಳು ಆಗಷ್ಟೇ ತಾವೇ ಬರೆದ ಫೈಲನ್ನು ಓದುವುದರಿಂದ ಈ ದೋಷ ಅವುಗಳ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ.

ಇಷ್ಟೆಲ್ಲ ಬರೆದರೆ ಡ್ರೈವ್‌ನ ಆಯಸ್ಸು ಕರಗುವುದಿಲ್ಲವೇ?

ಲೆಕ್ಕ ಹಾಕಿ ನೋಡಿ. 1 ಟಿಬಿಯ ಟಿಎಲ್‌ಸಿ ಡ್ರೈವ್‌ಗಳಿಗೆ 600 ಟಿಬಿಡಬ್ಲ್ಯೂ (ಒಟ್ಟು ಇಷ್ಟು ಟಿಬಿ ಬರೆಯಬಹುದೆಂಬ ಮಿತಿ) ಖಾತರಿ ಸಾಮಾನ್ಯ. ತಯಾರಿ, ಪರೀಕ್ಷೆ ಎಲ್ಲ ಸೇರಿ 6 ಟಿಬಿ ಬರೆದರೂ 1 ಶೇಕಡಾ. 200 ಟಿಬಿಡಬ್ಲ್ಯೂ ಇರುವ ಕ್ಯೂಎಲ್‌ಸಿ ಆದರೆ 3 ಶೇಕಡಾ. ಒಂದು ಸಲಕ್ಕೆ ಚಿಂತೆ ಬೇಡ. ವಾರ ವಾರ ಮಾಡುವ ಹವ್ಯಾಸ ಬೇಡ. ಬರೆದದ್ದೆಷ್ಟೆಂದು ಸ್ಮಾರ್ಟ್ ಲಾಗ್‌ನ ಡೇಟಾ ಯುನಿಟ್ಸ್ ರಿಟನ್ ಹೇಳುತ್ತದೆ. ಅದರ ಒಂದು ಯುನಿಟ್ ಎಂದರೆ 5,12,000 ಬೈಟ್.

ಡಬ್ಬಿಯ ಮೇಲೆ ಲಕ್ಷಗಟ್ಟಲೆ ಐಒಪಿಎಸ್ ಎಂದಿದೆ, ನನಗೆ ಸಿಗುವುದು 20 ಸಾವಿರ. ತಯಾರಿಯಲ್ಲಿ ಎಡವಿದೆನೇ?

ಬಹುಶಃ ಇಲ್ಲ, ಕ್ಯೂ ಡೆಪ್ತ್ ನೋಡಿ. ಒಂದು 4 ಕೆಬಿ ರೀಡ್‌ಗೆ 50 ಮೈಕ್ರೋಸೆಕೆಂಡ್ ಹಿಡಿದರೆ, ಒಂದು ಮುಗಿದ ಮೇಲೆ ಇನ್ನೊಂದು ಕೇಳುವಾಗ ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಎಂಬಿ ಲೆಕ್ಕದಲ್ಲಿ ಅದು ಸುಮಾರು 82. ಡಬ್ಬಿಯ ಅಂಕಿ ಬರುವುದು ಹಲವು ಥ್ರೆಡ್‌ಗಳಿಂದ ನೂರಾರು ಬೇಡಿಕೆಗಳನ್ನು ಒಟ್ಟಿಗೆ ಕಳಿಸಿದಾಗ. ದಿನನಿತ್ಯದ ಬಳಕೆಯಲ್ಲಿ ಕ್ಯೂ ಡೆಪ್ತ್ 1ರಿಂದ 4ರ ಆಚೆ ಹೋಗುವುದು ಅಪರೂಪ. ಫಿಯೋದಲ್ಲಿ ಐಒ ಡೆಪ್ತ್ ಪ್ರತಿ ಜಾಬ್‌ಗೂ ಪ್ರತ್ಯೇಕ ಎಂಬುದನ್ನು ಮರೆಯಬೇಡಿ: 32 ಡೆಪ್ತ್, 4 ಜಾಬ್ ಎಂದರೆ ಒಟ್ಟು 128.

ಸರಾಸರಿ ಕೊಟ್ಟರೆ ಸಾಕೇ?

ಸ್ಥಿರ ಸ್ಥಿತಿಯಲ್ಲಿ ಸರಾಸರಿಗಿಂತ ಬಾಲ, ಅಂದರೆ ಅತಿ ತಡವಾದ ಕೆಲವೇ ಬೇಡಿಕೆಗಳು, ಮುಖ್ಯ. ಗಾರ್ಬೇಜ್ ಕಲೆಕ್ಷನ್ ನಡೆಯುವಾಗ ಬಂದ ಬೇಡಿಕೆ ಕಾಯುತ್ತ ನಿಲ್ಲುತ್ತದೆ. ಅದು ಸಾವಿರದಲ್ಲಿ ಒಂದಾದರೂ ಬಳಸುವವರಿಗೆ ತಟ್ಟುವುದು ಅದೇ. 99 ಮತ್ತು 99.9ನೇ ಪರ್ಸೆಂಟೈಲ್‌ನ ಲೇಟೆನ್ಸಿಯನ್ನೂ, ಅಂದರೆ ನೂರರಲ್ಲಿ 99, ಸಾವಿರದಲ್ಲಿ 999 ಬೇಡಿಕೆಗಳು ಎಷ್ಟು ಸಮಯದೊಳಗೆ ಮುಗಿದವು ಎಂಬುದನ್ನೂ ಕೊಡಿ. ಸರಾಸರಿಯಲ್ಲಿ ಸಮನಾಗಿರುವ ಎರಡು ಡ್ರೈವ್‌ಗಳು ಇಲ್ಲಿ ಬೇರೆಬೇರೆಯಾಗಿ ನಿಲ್ಲುವುದುಂಟು.

ಫಲಿತಾಂಶದ ಜೊತೆ ಏನೇನು ಬರೆದಿಡಬೇಕು?

ಇನ್ನೊಬ್ಬರು ಅದೇ ಅಂಕಿಯನ್ನು ಮತ್ತೆ ಹುಟ್ಟಿಸಲು ಬೇಕಾದಷ್ಟು. ಡ್ರೈವ್‌ನ ಮಾದರಿ, ಸಾಮರ್ಥ್ಯ, ಫರ್ಮ್‌ವೇರ್ ಆವೃತ್ತಿ, ಹೇಗೆ ಅಳಿಸಿದಿರಿ, ಎಷ್ಟು ಬರೆದಿರಿ, ಯಾವ ತುಂಡಿನಲ್ಲಿ, ಬಿಡುವಿನ ಅವಧಿ, ತಾಪಮಾನ, ಕೊಂಡಿಯ ವೇಗ, ಟೂಲ್‌ನ ಆವೃತ್ತಿ ಮತ್ತು ಪೂರ್ತಿ ಸೆಟ್ಟಿಂಗ್. ಫರ್ಮ್‌ವೇರ್ ಅಪ್‌ಡೇಟ್ ಮಾಡುವುದಿದ್ದರೆ ಎಲ್ಲಕ್ಕಿಂತ ಮೊದಲೇ ಮಾಡಿ. ನಡುವೆ ಮಾಡಿದರೆ ಹಿಂದಿನ ಅಂಕಿಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಬೇಕು.

ಪರೀಕ್ಷೆ ಮುಗಿಯಿತು. ಡ್ರೈವನ್ನು ಹಾಗೇ ಬಳಕೆಗೆ ಹಾಕಬಹುದೇ?

ಹಾಗೇ ಬೇಡ. ಈಗ ಕಂಟ್ರೋಲರ್‌ನ ಲೆಕ್ಕದಲ್ಲಿ ಡ್ರೈವ್ ಅಂಚಿನ ತನಕ ತುಂಬಿದೆ. ನೀವು ಬರೆದ ಕಸವನ್ನೆಲ್ಲ ಅದು ಬೆಲೆಬಾಳುವ ದತ್ತಾಂಶವೆಂದೇ ಕಾಪಾಡುತ್ತಿರುತ್ತದೆ. ಸಣ್ಣ ಪಾರ್ಟಿಷನ್ ಮಾಡಿ ಉಳಿದದ್ದನ್ನು ಖಾಲಿ ಬಿಟ್ಟರೆ ಆ ಉಳಿದ ಭಾಗದ ಕಸ ಹಾಗೇ ಉಳಿಯುತ್ತದೆ. ಸೆಕ್ಯೂರ್ ಎರೇಸ್ ಅಥವಾ ಪೂರ್ತಿ ಡ್ರೈವ್‌ನ ಟ್ರಿಮ್ ಒಮ್ಮೆ ಕೊಟ್ಟು, ಆಮೇಲೆ ಪಾರ್ಟಿಷನ್ ಮಾಡಿ.